ಆಬ್ಲೇಟ್‌ಗೆ ‘ಚಪ್ಪಟೆ’ ಸಾಕಾ? ‘ಗಿಡ್ಡಗುಂಡು’ ಅನ್ನಬಹುದಾ?

ಎಲ್ಲರಿಗೂ ನಮಸ್ಕಾರ. ಬೀದರಿನಿಂದ ಬರೆಯುತ್ತಿದ್ದೇನೆ. ಇಂಗ್ಲಿಷಿನ ‘ಆಬ್ಲೇಟ್’ ಅನ್ನುವ ಗುಣವಾಚಕಕ್ಕೆ ನೀವೆಲ್ಲ ಕನ್ನಡದಲ್ಲಿ ಯಾವ ಪದ ಬಳಸುತ್ತೀರಿ? ವಸ್ತು ಗುಂಡಗಿರಬೇಕು, ಆದರೆ ಪೂರಾ ಚೆಂಡಿನ ಹಾಗಲ್ಲ. ನೆತ್ತಿಯಿಂದ ಬುಡಕ್ಕೆ ಅಳೆದರೆ ಕಡಿಮೆ, ನಡುವಿನಲ್ಲಿ ಅಡ್ಡ ಅಳೆದರೆ ಜಾಸ್ತಿ. ಅಂಥದ್ದು ಆಬ್ಲೇಟ್. ಇದರ ಜೋಡಿ ಪದ ‘ಪ್ರೋಲೇಟ್’. ಅದರಲ್ಲಿ ನೆತ್ತಿಯಿಂದ ಬುಡಕ್ಕೆ ಜಾಸ್ತಿ, ನಡುವಿನಲ್ಲಿ ಅಡ್ಡ ಕಡಿಮೆ.

ಈ ಪದ ನನಗೆ ಎರಡು ಕಡೆಯಿಂದ ಗಂಟುಬಿತ್ತು. ಹೈಸ್ಕೂಲ್ ಮಕ್ಕಳಿಗೆ ಭೂಮಿಯ ಆಕಾರದ ಬಗ್ಗೆ ಒಂದು ಟಿಪ್ಪಣಿ ಬರೆಯುತ್ತಿದ್ದೆ, ಅಲ್ಲಿ ಬಂತು. ಅದೇ ಹೊತ್ತಿಗೆ ಕಲಬುರಗಿಯ ಗೆಳೆಯರೊಬ್ಬರು ಉಳ್ಳಾಗಡ್ಡಿ ತಳಿಗಳ ಬಗ್ಗೆ ರೈತರಿಗೆ ಹಂಚುವ ಕರಪತ್ರ ಕಳಿಸಿ, ಇದನ್ನ ಸ್ವಲ್ಪ ಕನ್ನಡ ಮಾಡಿಕೊಡಿ ಅಂದರು. ಗಡ್ಡೆಯ ಆಕಾರ ಹೇಳುವ ಕಡೆ ಅಲ್ಲೂ ಇದೇ ಆಬ್ಲೇಟ್. ಒಂದು ಕಡೆ ಭೂಮಿ, ಇನ್ನೊಂದು ಕಡೆ ಉಳ್ಳಾಗಡ್ಡಿ. ಇಂಗ್ಲಿಷಿನಲ್ಲಿ ಎರಡಕ್ಕೂ ಒಂದೇ ಮಾತು ನಡೆಯುತ್ತದೆ. ನಮ್ಮಲ್ಲೂ ಒಂದೇ ಮಾತು ನಡೆದರೆ ಒಳ್ಳೆಯದು ಅಂತ ನನ್ನ ಆಸೆ. ಸಂತೆಯಲ್ಲೂ ಹೊಂದಬೇಕು, ಪಾಠದಲ್ಲೂ ಹೊಂದಬೇಕು.

ಸದ್ಯ ಎಲ್ಲರೂ ಬಳಸುವುದು ‘ಚಪ್ಪಟೆ’. ಭೂಮಿ ಧ್ರುವಗಳಲ್ಲಿ ಚಪ್ಪಟೆಯಾಗಿದೆ, ಸಮಭಾಜಕದ ಬಳಿ ಉಬ್ಬಿದೆ. ನಾವೆಲ್ಲ ಬಾಯಿಪಾಠ ಮಾಡಿದ ವಾಕ್ಯ ಇದು. ನನಗೆ ಇದರ ಮೇಲೆ ತಕರಾರಿದೆ, ಮತ್ತು ತಕರಾರು ಶುರುವಾಗಿದ್ದು ಒಬ್ಬ ಹುಡುಗನ ನೋಟ್‌ಬುಕ್‌ನಿಂದ. ಔರಾದ ತಾಲ್ಲೂಕಿನ ಹುಡುಗ, ಒಂಬತ್ತನೇ ತರಗತಿ. ಭೂಮಿಯ ಚಿತ್ರ ಬರಿ ಅಂದರೆ ಮೊದಲು ನಾಣ್ಯ ಇಟ್ಟು ಚೆಂದಾಗಿ ಒಂದು ವೃತ್ತ ಬರೆದಿದ್ದ. ಆಮೇಲೆ ಸ್ಕೇಲ್ ಇಟ್ಟು ಮೇಲೊಂದು ಗೆರೆ, ಕೆಳಗೊಂದು ಗೆರೆ ಎಳೆದು, ಗೆರೆಯ ಆಚೆ ಉಳಿದ ಕಮಾನನ್ನು ರಬ್ಬರಿನಿಂದ ಅಳಿಸಿದ್ದ. ಉತ್ತರ ಧ್ರುವ ಒಂದು ಮೈದಾನ, ದಕ್ಷಿಣ ಧ್ರುವ ಇನ್ನೊಂದು ಮೈದಾನ. ‘ಸರ್, ಧ್ರುವದಾಗ ನೆಲ ಸಪಾಟ ಇರ್ತದಲ್ರೀ?’ ಅಂತ ಕೇಳಿದ. ಹುಡುಗ ದಡ್ಡ ಅಲ್ಲ. ಪಾಠದ ವಾಕ್ಯ ಏನು ಹೇಳಿತೋ ಅದನ್ನೇ ಬರೆದಿದ್ದ. ಚಪ್ಪಟೆ ಅಂದರೆ ನಮ್ಮ ಕಿವಿಗೆ ಏನು ಬರುತ್ತದೆ? ಚಪ್ಪಟೆ ಕಲ್ಲು, ಚಪ್ಪಟೆ ಮೂಗು, ಚಪ್ಪಟೆ ಪಾದ, ಗಾಡಿ ಕೆಳಗೆ ಸಿಕ್ಕು ಚಪ್ಪಟೆಯಾದ ಡಬ್ಬಿ. ಉಬ್ಬು ಹೋದದ್ದು ಚಪ್ಪಟೆ. ಜೊತೆಗೆ ‘ಧ್ರುವಗಳಲ್ಲಿ’ ಅಂತ ಏಳನೇ ವಿಭಕ್ತಿ ಬೇರೆ ಹಚ್ಚುತ್ತೇವೆ. ಇಂಥ ಜಾಗದಲ್ಲಿ ಉಬ್ಬು ಇಲ್ಲ ಅಂದ ಹಾಗಾಯಿತು.

ನಿಜ ಬೇರೆ. ಧ್ರುವದಲ್ಲೂ ನೆಲ ಬಾಗಿಯೇ ಇದೆ. ಅಲ್ಲಿನ ಬಾಗು ಸುಮಾರು 6,400 ಕಿ.ಮೀ. ತ್ರಿಜ್ಯದ ಚೆಂಡಿನ ಬಾಗಿನಷ್ಟು. ಸಮಭಾಜಕದ ಬಳಿ ಉತ್ತರ-ದಕ್ಷಿಣವಾಗಿ ನೋಡಿದರೆ ಬಾಗು ಸುಮಾರು 6,335 ಕಿ.ಮೀ. ತ್ರಿಜ್ಯದ ಚೆಂಡಿನಷ್ಟು. ಅಂದರೆ ಧ್ರುವದಲ್ಲಿ ಬಾಗು ಒಂದು ಚೂರು ಕಡಿಮೆ, ಅಷ್ಟೇ. ಎಲ್ಲೂ ಸಪಾಟು ಇಲ್ಲ. ಆಬ್ಲೇಟ್ ಅನ್ನುವುದು ಒಂದು ಜಾಗದ ಗುಣ ಅಲ್ಲ, ಇಡೀ ಮೈಯ ಗುಣ. ನಮ್ಮ ವಾಕ್ಯ ಅದನ್ನು ಎರಡು ತುದಿಗೆ ಅಂಟಿಸಿಬಿಟ್ಟಿದೆ.

ಅಳತೆಯಲ್ಲೂ ‘ಚಪ್ಪಟೆ’ ಜಾಸ್ತಿಯೇ ಆಗುತ್ತದೆ. ಭೂಮಿಯ ಸಮಭಾಜಕ ತ್ರಿಜ್ಯ 6,378 ಕಿ.ಮೀ., ಧ್ರುವ ತ್ರಿಜ್ಯ 6,357 ಕಿ.ಮೀ. ವ್ಯತ್ಯಾಸ 21 ಕಿ.ಮೀ. ಪ್ರಮಾಣದಲ್ಲಿ ಹೇಳಿದರೆ 298ರಲ್ಲಿ 1 ಪಾಲು. ಶಾಲೆಯ 30 ಸೆಂ.ಮೀ. ಗ್ಲೋಬನ್ನು ಈ ಲೆಕ್ಕಕ್ಕೆ ಸರಿಯಾಗಿ ಮಾಡಬೇಕಂದರೆ ಅದರ ಎತ್ತರವನ್ನು ಒಂದು ಮಿಲಿಮೀಟರ್ ತಗ್ಗಿಸಬೇಕು. ಗ್ಲೋಬಿನ ಎರಡು ಅರ್ಧ ಸೇರಿಸಿ ಅಂಟಿಸಿದ ಪಟ್ಟಿಯೇ ಅಷ್ಟು ದಪ್ಪ ಇರುತ್ತದೆ.

ಇನ್ನು ಉಳ್ಳಾಗಡ್ಡಿ. ಕರಪತ್ರ ಎದುರಿಗೆ ಇಟ್ಟುಕೊಂಡು ಅಡಿಗೆಮನೆಯ ಬುಟ್ಟಿಯಿಂದ ಒಂದನ್ನು ತಂದು ಅಳೆದೆ. ಬೇರಿನ ತಟ್ಟೆಯಿಂದ ಕುತ್ತಿಗೆ ಶುರುವಾಗುವ ಕಡೆಗೆ 5 ಸೆಂ.ಮೀ., ನಡುವಿನ ಅಡ್ಡಗಲ 6.5 ಸೆಂ.ಮೀ. ಬೇರಿನ ಹತ್ತಿರ ಬೆರಳಿಟ್ಟರೆ ಸ್ವಲ್ಪ ತಗ್ಗು ಸಿಗುತ್ತದೆ, ಕುತ್ತಿಗೆ ಕಡೆ ಭುಜ ಇಳಿದಿದೆ. ಭೂಮಿಯ ಲೆಕ್ಕವನ್ನೇ ಇದಕ್ಕೂ ಹಾಕಿದರೆ 1.5 ಭಾಗಿಸು 6.5, ಸುಮಾರು 0.23. ಭೂಮಿಯದು 0.0034. ಉಳ್ಳಾಗಡ್ಡಿ ಸುಮಾರು 70 ಪಟ್ಟು ಹೆಚ್ಚು ಆಬ್ಲೇಟ್! ಆದರೂ ಉಳ್ಳಾಗಡ್ಡಿಯನ್ನು ಯಾರೂ ಚಪ್ಪಟೆ ಅನ್ನುವುದಿಲ್ಲ. ಸಂತೆಯಲ್ಲಿ ಕೇಳಿ ನೋಡಿ. ‘ಗುಂಡನ್ನವು’, ‘ಉದ್ದನ್ನವು’ ಅಂತಾರೆ. ಭೂಮಿಯನ್ನು ಮಾತ್ರ ಚಪ್ಪಟೆ ಅನ್ನುತ್ತೇವೆ. ಇದು ಉಲ್ಟಾ ಅಲ್ವಾ?

ಇವೆರಡರ ನಡುವಿನ ಉದಾಹರಣೆ ಬೇಕಾದರೆ ಆಕಾಶದಲ್ಲಿ ಇದೆ. ಶನಿಯ ಸಮಭಾಜಕ ತ್ರಿಜ್ಯ 60,268 ಕಿ.ಮೀ., ಧ್ರುವ ತ್ರಿಜ್ಯ 54,364 ಕಿ.ಮೀ. ಹತ್ತಿರ ಹತ್ತಿರ 10ರಲ್ಲಿ 1 ಪಾಲು ಗಿಡ್ಡ. ಗುರು 15ರಲ್ಲಿ 1 ಪಾಲು. ಸಾಧಾರಣ ದೂರದರ್ಶಕದಲ್ಲೇ ಗುರುವಿನ ಬಿಂಬ ಅಡ್ಡಕ್ಕೆ ಅಗಲ ಇರುವುದು ಕಣ್ಣಿಗೆ ಗೊತ್ತಾಗುತ್ತದೆ. ಎರಡೂ ಸುಮಾರು ಹತ್ತು ಗಂಟೆಗೊಮ್ಮೆ ತಿರುಗುವ ಗ್ರಹಗಳು, ಅದೂ ಅನಿಲದ ಮೈ. ಜೋರಾಗಿ ತಿರುಗಿದಷ್ಟೂ ನಡು ಹೊರಕ್ಕೆ ಬರುತ್ತದೆ. ನಮ್ಮ ಭೂಮಿಯಲ್ಲಿ ಸಮಭಾಜಕದ ಮೇಲೆ ನಿಂತವನು ಗಂಟೆಗೆ ಸುಮಾರು 1,670 ಕಿ.ಮೀ. ವೇಗದಲ್ಲಿ ಸುತ್ತುತ್ತಾನೆ. ಬೀದರಿನಲ್ಲಿ ಕೂತ ನಾನು ಸುಮಾರು 1,590. ಧ್ರುವದಲ್ಲಿ ನಿಂತವನಿಗೆ ಸೊನ್ನೆ.

ಇದನ್ನು ಹೇಳಿದ್ದಕ್ಕೆ ಕಾರಣ ಇದೆ. ಕೆಲವರು ‘ಅದುಮಿದ ಗೋಳ’, ‘ಒತ್ತಿದ ಗೋಳ’ ಅಂತ ಬಳಸುತ್ತಾರೆ. ಕೇಳಲು ಚೆನ್ನಾಗಿದೆ. ಆದರೆ ಅದುಮಿದ ಅಂದ ಕೂಡಲೆ ಅದುಮಿದವರು ಯಾರು ಅನ್ನುವ ಪ್ರಶ್ನೆ ಬರುತ್ತದೆ. ಭೂಮಿಯ ನೆತ್ತಿ ಮೇಲೆ ಯಾರೂ ಕೈ ಇಟ್ಟು ಒತ್ತಿಲ್ಲ. ತಿರುಗುವುದರಿಂದ ನಡು ಹೊರಗೆ ಬಂದಿದೆ. ಉಳ್ಳಾಗಡ್ಡಿಯನ್ನಂತೂ ಯಾರೂ ಒತ್ತಿಲ್ಲ, ಅದು ಬೆಳೆದದ್ದೇ ಹಾಗೆ. ಆಕಾರ ಹೇಳುವ ಪದದಲ್ಲಿ ಆ ಆಕಾರ ಹೇಗೆ ಬಂತು ಅನ್ನುವ ತಪ್ಪು ಕತೆ ಸೇರಬಾರದು.

ಸಂಸ್ಕೃತದ ದಾರಿ ಹಿಡಿದವರು ‘ಲಘ್ವಕ್ಷ ಗೋಳಾಭ’ ಅಂತ ಮಾಡಿದ್ದಾರೆ. ಹಿಂದಿಯ ಪಾರಿಭಾಷಿಕ ಪದಗಳಲ್ಲೂ ಇದೇ ಲಘ್ವಕ್ಷ ಇದೆ. ಲಘು ಅಕ್ಷ, ಅಂದರೆ ಅಕ್ಷ ಗಿಡ್ಡ. ಗೋಳಾಭ ಅಂದರೆ ಗೋಳದಂಥದ್ದು. ಇದು ತುಂಬಾ ಸರಿಯಾದ ಪದ ಅಂತ ಒಪ್ಪಬೇಕು. ಏನು ಕಡಿಮೆ ಅಂತ ನೇರವಾಗಿ ಹೇಳುತ್ತದೆ, ಯಾರೋ ಒತ್ತಿದರು ಅನ್ನುವುದಿಲ್ಲ, ಧ್ರುವದಲ್ಲಿ ಮೈದಾನ ಮಾಡುವುದಿಲ್ಲ. ಕಷ್ಟ ಏನಂದರೆ ನಾಲಿಗೆ. ‘ಲಘ್ವಕ್ಷ’ ಅಂತ ಬೋರ್ಡಿನ ಮೇಲೆ ಬರೆದರೆ ಅರ್ಧ ಕ್ಲಾಸು ‘ಲಘುವಕ್ಷ’ ಅಂತ ಓದುತ್ತದೆ, ಇನ್ನರ್ಧ ಓದುವುದೇ ಇಲ್ಲ. ಲಘು ಅಂದರೆ ಅವರಿಗೆ ಹಗುರ. ಲಘು ಉಪಾಹಾರ ಇದೆಯಲ್ಲ. ರೈತರ ಕರಪತ್ರದಲ್ಲಿ ಲಘ್ವಕ್ಷ ಉಳ್ಳಾಗಡ್ಡಿ ಅಂತ ಹಾಕಿದರೆ ಬೀಜದಂಗಡಿಯಲ್ಲಿ ಅದೊಂದು ಹೊಸ ಕಂಪನಿ ಅಂದುಕೊಂಡಾರು.

ಹಾಗಾದರೆ ಅದೇ ಅರ್ಥವನ್ನು ಆಡುಮಾತಿನಲ್ಲಿ ಹೇಳಬಹುದಾ ಅಂತ ನೋಡಿದೆ. ಮೊದಲು ಮೂಲ ಪದ ಗಟ್ಟಿ ಮಾಡಿಕೊಳ್ಳಬೇಕು: ದುಂಡಾ, ಗುಂಡಾ?

ಈ ಎರಡನ್ನೂ ನಾವು ಅದಲುಬದಲು ಮಾಡಿ ಬಳಸುತ್ತೇವೆ. ದುಂಡು ಮುಖ, ಗುಂಡು ಮುಖ, ಎರಡೂ ನಡೆಯುತ್ತದೆ. ಆದರೆ ಸ್ವಲ್ಪ ಕಿವಿಗೊಟ್ಟರೆ ವ್ಯತ್ಯಾಸ ಕೇಳುತ್ತದೆ. 1930ರಿಂದ 1932ರವರೆಗೆ ಲಂಡನ್ನಿನಲ್ಲಿ ನಡೆದದ್ದು ದುಂಡುಮೇಜಿನ ಪರಿಷತ್ತು, ಗುಂಡುಮೇಜಿನ ಪರಿಷತ್ತು ಅಲ್ಲ. ಅಕ್ಷರ ದುಂಡಗೆ ಬರೆಯುತ್ತೇವೆ. ಅದೇ ಫಿರಂಗಿಗೆ ಹಾಕುವುದು ಗುಂಡು. ರುಬ್ಬುವ ಕಲ್ಲಿನದು ಗುಂಡು. ಆಟಕ್ಕೆ ಎಸೆಯುವುದು ಗುಂಡು, ಆಟದ ಹೆಸರೇ ಗುಂಡು ಎಸೆತ. ಸೂಜಿಯ ತಲೆಗೆ ಒಂದು ಸಣ್ಣ ಉಂಡೆ ಇದ್ದರೆ ಅದು ಗುಂಡುಸೂಜಿ. ಅಂದರೆ ದುಂಡು ಹಾಳೆಯ ಮೇಲೂ ಇರಬಹುದು, ಮೇಜಿನ ಅಂಚಿನಲ್ಲೂ ಇರಬಹುದು. ಗುಂಡು ಮಾತ್ರ ಕೈಯಲ್ಲಿ ಹಿಡಿಯುವಂಥದ್ದು. ದುಂಡು ಮಲ್ಲಿಗೆ ಇದಕ್ಕೆ ಸ್ವಲ್ಪ ಅಡ್ಡ ಬರುತ್ತದೆ, ಗೊತ್ತು. ಮೊಗ್ಗು ಗುಂಡಗೇ ಇರುತ್ತದೆ, ಆದರೂ ಹೆಸರು ದುಂಡು. ಅಲ್ಲಿ ಇಂಪು ಗೆದ್ದಿದೆ ಅಂತ ಇಟ್ಟುಕೊಳ್ಳೋಣ. ನಮ್ಮ ಕಡೆ ಮೂರನೆಯದೂ ಇದೆ, ‘ಗೋಲ್’. ದಖನಿ ಉರ್ದುವಿನ ಒಡನಾಟದಿಂದ ಬಂದದ್ದು. ತಟ್ಟೆಯೂ ಗೋಲ್, ಲಾಡೂ ಗೋಲ್, ಊರ ಚೌಕದ ಸರ್ಕಲ್ಲೂ ಗೋಲ್. ಅದಕ್ಕೆ ಇಂಥ ಭೇದ ಯಾವುದೂ ಇಲ್ಲ. ಹಾಗಾಗಿ ನಮ್ಮ ಕೆಲಸಕ್ಕೆ ಬರುವುದಿಲ್ಲ. ಶಾಲೆಯ ‘ಗೋಳ’ವನ್ನು ಮಕ್ಕಳು ‘ಗೋಲ’ ಅಂತ ಬರೆಯುವುದಕ್ಕೂ ಇದೇ ಕಾರಣ.

ಆಬ್ಲೇಟ್ ಘನಾಕೃತಿಯ ಮಾತು. ಆದ್ದರಿಂದ ಗುಂಡು. ಅದರ ಹಿಂದೆ ಏನು ಸೇರಿಸಬೇಕು ಅನ್ನುವುದು ಉಳಿದ ಪ್ರಶ್ನೆ.

ಹಿಂದೆ ಒಂದು ವಿಶೇಷಣ ಸೇರಿಸಿ ಆಕಾರಕ್ಕೆ ಹೆಸರಿಡುವುದು ಹೊಸದೇನಲ್ಲ, ಅದರಲ್ಲೂ ನಮ್ಮ ಸೀಮೆಗೆ. ಸೇಡಂ ತಾಲ್ಲೂಕಿನ ಮಳಖೇಡ ರಾಷ್ಟ್ರಕೂಟರ ರಾಜಧಾನಿ ಆಗಿದ್ದ ಕಾಲದಲ್ಲಿ, 9ನೇ ಶತಮಾನದಲ್ಲಿ, ಮಹಾವೀರಾಚಾರ್ಯ ಗಣಿತಸಾರಸಂಗ್ರಹ ಬರೆದ. ಗ್ರಂಥದ ಶುರುವಿನಲ್ಲೇ ಅಮೋಘವರ್ಷ ನೃಪತುಂಗನನ್ನು ಹೊಗಳುತ್ತಾನೆ. ಅದರಲ್ಲಿ ಬಾಗುಗೆರೆಯ ಆಕೃತಿಗಳ ಒಂದು ಸಾಲು ಇದೆ: ಸಮವೃತ್ತ, ಅರ್ಧವೃತ್ತ, ಆಯತವೃತ್ತ, ಕಂಬುಕಾವೃತ್ತ, ನಿಮ್ನವೃತ್ತ, ಉನ್ನತವೃತ್ತ, ಆಮೇಲೆ ಒಳಗಿನ ಮತ್ತು ಹೊರಗಿನ ಚಕ್ರವಾಲವೃತ್ತ. ಕಂಬು ಅಂದರೆ ಶಂಖ. ಹಾಗಾಗಿ ಕಂಬುಕಾವೃತ್ತ ಶಂಖದ ಆಕಾರದ್ದು. ನಿಮ್ನ ತಗ್ಗಿದ್ದು, ಉನ್ನತ ಉಬ್ಬಿದ್ದು. ಚಕ್ರವಾಲ ಬಳೆಯಂಥ ಸುತ್ತು. ಎಷ್ಟು ಸರಳ ನೋಡಿ. ‘ವೃತ್ತ’ ಅನ್ನುವ ಒಂದು ಗೂಟ ನೆಟ್ಟು, ಹಿಂದೆ ಬೇಕಾದ್ದನ್ನು ಕಟ್ಟುತ್ತಾ ಹೋಗಿದ್ದಾನೆ. ಇಂದು ನಾವು ದೀರ್ಘವೃತ್ತ ಅನ್ನುವುದಕ್ಕೆ ಅವನ ಪದ ಆಯತವೃತ್ತ, ಅಂದರೆ ಉದ್ದಕ್ಕೆ ಚಾಚಿದ ವೃತ್ತ. ನಮ್ಮ ಕೆಲವು ಪುಸ್ತಕಗಳಲ್ಲಿ ಗ್ರಹಗಳ ಪಥಕ್ಕೆ ‘ಅಂಡಾಕಾರ’ ಅಂತ ಬರೆಯುತ್ತಾರಲ್ಲ, ಅದಕ್ಕಿಂತ ಇದು ಎಷ್ಟೋ ವಾಸಿ. ತತ್ತಿಗೆ ಒಂದು ತುದಿ ಚೂಪು, ಒಂದು ತುದಿ ಮೊಂಡು. ದೀರ್ಘವೃತ್ತಕ್ಕೆ ಎರಡೂ ತುದಿ ಒಂದೇ ಥರ. ಇದು ಬೇರೆಯೇ ಜಗಳ, ಇನ್ನೊಮ್ಮೆ ಮಾಡೋಣ.

ಮಹಾವೀರನ ದಾರಿಯಲ್ಲೇ ಹೋದರೆ ಮೊದಲು ಹೊಳೆಯುವುದು ‘ಅಡ್ಡಗುಂಡು’. ಅಡ್ಡಕ್ಕೆ ಜಾಸ್ತಿ ಇರುವ ಗುಂಡು. ಗೆಳೆಯರಿಗೆ ಇದೇ ಹಿಡಿಸಿತ್ತು. ನನಗೆ ಒಂದು ಅನುಮಾನ. ಉದ್ದಗಿನ ಕಲ್ಲಂಗಡಿಯನ್ನು ನೆಲದ ಮೇಲೆ ಇಡಿ. ಅದು ಅಡ್ಡ ಮಲಗುತ್ತದೆ. ನೋಡಿದವರು ಅದನ್ನೂ ಅಡ್ಡಗುಂಡು ಅಂದರೆ ತಪ್ಪೇನು? ಆದರೆ ಅದು ಪ್ರೋಲೇಟ್, ಪೂರ್ತಿ ವಿರುದ್ಧ. ‘ಅಡ್ಡ’ ಅನ್ನುವುದು ವಸ್ತು ಹೇಗೆ ಬಿದ್ದಿದೆ ಅನ್ನುವುದರ ಮೇಲೆ ನಿಂತ ಮಾತು. ನಮಗೆ ಬೇಕಾದ್ದು ವಸ್ತು ಹೇಗೆ ಬಿದ್ದರೂ ಬದಲಾಗದ ಗುಣ. ಹಣ್ಣಿಗಾದರೆ ತೊಟ್ಟಿನಿಂದ ತುದಿಗೆ, ಉಳ್ಳಾಗಡ್ಡಿಗಾದರೆ ಬೇರಿನಿಂದ ಕುತ್ತಿಗೆಗೆ, ಭೂಮಿಗಾದರೆ ಧ್ರುವದಿಂದ ಧ್ರುವಕ್ಕೆ. ಈ ಅಕ್ಷ ಗಿಡ್ಡ ಅನ್ನುವುದೇ ಇಲ್ಲಿನ ವಿಷಯ. ಹಾಗಾಗಿ ‘ಗಿಡ್ಡಗುಂಡು’. ಎದುರಿಗೆ ‘ಉದ್ದಗುಂಡು’. ಲಘ್ವಕ್ಷ ಹೇಳುವುದನ್ನೇ ಹೇಳುತ್ತದೆ, ನಾಲಿಗೆಗೆ ತೊಡರುವುದಿಲ್ಲ.

ಗಿಡ್ಡ ನಮ್ಮ ಕಡೆಯ ಪದ, ಮೈಸೂರಿನವರಿಗೆ ಕುಳ್ಳ ಅಂದರೆ ಚೆನ್ನಾಗಿರುತ್ತದೆ ಅಂತ ಒಬ್ಬರು ಹೇಳಿದರು. ಆದರೆ ಮಲೆನಾಡು ಗಿಡ್ಡ ಅನ್ನುವ ಹಸುವಿನ ತಳಿಯ ಹೆಸರು ಇಡೀ ರಾಜ್ಯಕ್ಕೆ ಗೊತ್ತು. ಗಿಡ್ಡ ಎಲ್ಲಿ ಹೋದರೂ ಅರ್ಥವಾಗುತ್ತದೆ. ಕುಳ್ಳ ಮನುಷ್ಯರಿಗೆ ಅಂಟಿಕೊಂಡ ಮಾತು. ಗಿಡ್ಡ ಅಂಗಿ, ಗಿಡ್ಡ ಕಾಲು, ಗಿಡ್ಡ ಗಿಡ ಅಂತ ಎಲ್ಲದಕ್ಕೂ ಹೋಗುತ್ತದೆ.

ಇನ್ನೊಂದು ಆಕ್ಷೇಪ ಜೋರಾಗಿಯೇ ಬಂತು: ಗಿಡ್ಡಗುಂಡು ಅಂದರೆ ಯಾರಿಗೋ ಇಟ್ಟ ಅಡ್ಡಹೆಸರಿನ ಹಾಗಿದೆ, ಕ್ಲಾಸಿನಲ್ಲಿ ನಗುತ್ತಾರೆ. ಬೆಂಗಳೂರಿನ ಕಡೆ ‘ಗುಂಡು’ವಿಗೆ ಬೇರೆ ಅರ್ಥವೂ ಇದೆ ಅನ್ನಿ. ನಕ್ಕರೆ ನಗಲಿ. ಖಗೋಳದಲ್ಲಿ ಶ್ವೇತಕುಬ್ಜ ಅಂತೀವಿ, ಕೆಂಪು ದೈತ್ಯ ಅಂತೀವಿ. ಇಂಗ್ಲಿಷಿನಲ್ಲೂ ಅವು ಕುಳ್ಳ ಮತ್ತು ರಾಕ್ಷಸ ಅಷ್ಟೇ. ಒಂದು ದಿನ ನಗುತ್ತಾರೆ, ಆಮೇಲೆ ಪದ ಆಗುತ್ತದೆ. ನಗು ಬಂದ ಪದ ನೆನಪಲ್ಲಿ ಉಳಿಯುತ್ತದೆ ಅನ್ನುವ ಲಾಭ ಬೇರೆ.

ಬಳಸಿ ನೋಡಿದೆ. ‘ಭೂಮಿ ಗಿಡ್ಡಗುಂಡಾಗಿದೆ.’ ‘ಈ ತಳಿಯ ಗಡ್ಡೆ ಗಿಡ್ಡಗುಂಡು, ಬಣ್ಣ ಕಡುಗೆಂಪು.’ ‘ಶನಿ ಭೂಮಿಗಿಂತ ಹೆಚ್ಚು ಗಿಡ್ಡಗುಂಡು.’ ಮೂರೂ ವಾಕ್ಯ ಸರಾಗವಾಗಿ ಬಂದವು. ‘ಚಪ್ಪಟೆ’ಯಲ್ಲಿ ಮೂರನೆಯ ವಾಕ್ಯ ಬರೆದರೆ ಶನಿ ತಟ್ಟೆಯಾಗುತ್ತದೆ, ಬಳೆ ಬೇರೆ ಇದೆ ಅದಕ್ಕೆ. ಇಂಗ್ಲಿಷಿನಲ್ಲಿ ‘ಫ್ಲ್ಯಾಟನಿಂಗ್’ ಅನ್ನುವ ಅಳತೆ ಇದೆಯಲ್ಲ, ಅದಕ್ಕೆ ‘ಗಿಡ್ಡತನ’ ಅನ್ನಬಹುದು. ಭೂಮಿಯ ಗಿಡ್ಡತನ 298ರಲ್ಲಿ 1. ನನಗಂತೂ ಇದು ಬಹಳ ಹಿಡಿಸಿದೆ.

ಈ ಗಿಡ್ಡತನದ ಕತೆಯಲ್ಲಿ ಬೀದರಿನ ಪಾಲು ಇದೆ. ಅದನ್ನು ಹೇಳದೆ ಬಿಡಲು ಮನಸ್ಸಿಲ್ಲ.

ಭೂಮಿ ಗಿಡ್ಡಗುಂಡೋ ಉದ್ದಗುಂಡೋ ಅನ್ನುವುದೇ ಒಂದು ಕಾಲದಲ್ಲಿ ದೊಡ್ಡ ಜಗಳ. 1672ರಲ್ಲಿ ಝಾನ್ ರಿಶೆ ಅನ್ನುವ ಫ್ರೆಂಚ್ ವಿಜ್ಞಾನಿ ಸಮಭಾಜಕದ ಹತ್ತಿರದ ಕಯೆನ್‌ಗೆ ಹೋದ. ಪ್ಯಾರಿಸ್‌ನಲ್ಲಿ ಸರಿಯಾಗಿದ್ದ ಅವನ ಲೋಲಕದ ಗಡಿಯಾರ ಅಲ್ಲಿ ದಿನಕ್ಕೆ ಎರಡೂವರೆ ನಿಮಿಷ ಹಿಂದೆ ಬೀಳತೊಡಗಿತು. ಅಲ್ಲಿ ಗುರುತ್ವ ಕಡಿಮೆ. ನ್ಯೂಟನ್ 1687ರಲ್ಲಿ ಲೆಕ್ಕ ಹಾಕಿ ಭೂಮಿ ಗಿಡ್ಡ, ಗಿಡ್ಡತನ 230ರಲ್ಲಿ 1 ಅಂದ. ಪ್ಯಾರಿಸ್‌ನ ಕಸಿನಿ ಮನೆತನದ ಖಗೋಳಜ್ಞರು ಫ್ರಾನ್ಸಿನ ನೆಲ ಅಳೆದು, ಇಲ್ಲ, ಉದ್ದ ಅಂದರು. ತೀರ್ಮಾನಕ್ಕೆ ಎರಡು ತಂಡ ಹೊರಟವು. 1735ರಲ್ಲಿ ಒಂದು ಪೆರುವಿಗೆ, 1736ರಲ್ಲಿ ಮೊಪರ್ಟ್ವಿಯ ತಂಡ ಉತ್ತರದ ಲ್ಯಾಪ್‌ಲ್ಯಾಂಡ್‌ಗೆ. ಒಂದು ಡಿಗ್ರಿ ಅಕ್ಷಾಂಶ ಎಲ್ಲಿ ಉದ್ದ ಅಂತ ಅಳೆಯುವುದು ಕೆಲಸ. ಉತ್ತರದಲ್ಲಿ ಉದ್ದ ಬಂತು. ನ್ಯೂಟನ್ ಗೆದ್ದ. ಇಲ್ಲಿ ಮಕ್ಕಳು ಎಡವುತ್ತಾರೆ: ಧ್ರುವದ ಕಡೆ ಗಿಡ್ಡ ಅಂದಮೇಲೆ ಅಲ್ಲಿ ಡಿಗ್ರಿ ಸಣ್ಣದಿರಬೇಕಲ್ವಾ? ಅಲ್ಲ. ಬಾಗು ಕಡಿಮೆ ಇರುವ ಕಡೆ ನಕ್ಷತ್ರ ಒಂದು ಡಿಗ್ರಿ ಮೇಲೇರಬೇಕಂದರೆ ಜಾಸ್ತಿ ದೂರ ನಡೆಯಬೇಕು. ಸಮಭಾಜಕದಲ್ಲಿ ಒಂದು ಡಿಗ್ರಿಗೆ ಸುಮಾರು 110.6 ಕಿ.ಮೀ., ಧ್ರುವದಲ್ಲಿ 111.7. ನಮ್ಮ ಬೀದರಿನ ಅಕ್ಷಾಂಶದಲ್ಲಿ 110.7ರ ಆಸುಪಾಸು.

ಆಮೇಲಿನ ಪ್ರಶ್ನೆ, ಎಷ್ಟು ಗಿಡ್ಡ? ಅದಕ್ಕೆ ಉದ್ದುದ್ದ ನೆಲ ಅಳೆಯಬೇಕಿತ್ತು. ವಿಲಿಯಂ ಲ್ಯಾಂಬ್ಟನ್ 1802ರಲ್ಲಿ ಮದ್ರಾಸಿನಲ್ಲಿ ಆಧಾರರೇಖೆ (ನೆಲದ ಮೇಲೆ ನೇರವಾಗಿ ಅಳೆಯುವ ಗೆರೆ) ಅಳೆದು ಶುರು ಮಾಡಿದ ತ್ರಿಕೋನ ಸರ್ವೆ (ಆ ಗೆರೆಯಿಂದ ಕೋನ ನೋಡಿ ಉಳಿದ ದೂರ ಲೆಕ್ಕ ಹಾಕುವುದು) ಉತ್ತರಕ್ಕೆ ಬರುತ್ತಾ 1815ರಲ್ಲಿ ಬೀದರ್ ಸೀಮೆಗೆ ತಲುಪಿತು. ಇಲ್ಲೊಂದು ಆಧಾರರೇಖೆ ಅಳೆದರು. ಹತ್ತಿರದ ದಾಮರಗಿಡ್ಡ ಒಂದು ಮುಖ್ಯ ಠಾಣೆ, ಅಕ್ಷಾಂಶ 18 ಡಿಗ್ರಿ 3 ನಿಮಿಷ. ಲ್ಯಾಂಬ್ಟನ್ 1823ರಲ್ಲಿ ತೀರಿಕೊಂಡ ಮೇಲೆ ಕೆಲಸ ಜಾರ್ಜ್ ಎವರೆಸ್ಟ್ ಕೈಗೆ ಬಂತು. 1830ರಲ್ಲಿ ಎವರೆಸ್ಟ್ ಪ್ರಕಟಿಸಿದ ಗ್ರಂಥದ ಹೆಸರಿನಲ್ಲೇ 18 ಡಿಗ್ರಿ 3 ನಿಮಿಷದಿಂದ 24 ಡಿಗ್ರಿ 7 ನಿಮಿಷದವರೆಗಿನ ಕಮಾನು ಅಂತ ಇದೆ. ಆ ಕೆಳತುದಿಯೇ ದಾಮರಗಿಡ್ಡ. ಆ ಕೆಲಸದಿಂದ ಬಂದ ಭೂಮಿಯ ಮಾದರಿಗೆ 1830ರ ಎವರೆಸ್ಟ್ ಗೋಳಾಭ ಅಂತ ಹೆಸರು. ಅದರ ಗಿಡ್ಡತನ 300.8ರಲ್ಲಿ 1. ಇಂದಿನ ಉಪಗ್ರಹಗಳ ಲೆಕ್ಕ 298.257ರಲ್ಲಿ 1. ಸರಪಳಿ ಹಿಡಿದು, ದೂರದ ಗುಡ್ಡದ ಮೇಲಿನ ದೀಪ ನೋಡಿ ಮಾಡಿದ ಲೆಕ್ಕ ಇಷ್ಟು ಹತ್ತಿರ ಬಂದಿದೆ! ಬೀದರಿನ ಆಧಾರರೇಖೆಯನ್ನು 1841ರಲ್ಲಿ ಇನ್ನೂ ಒಳ್ಳೆಯ ಉಪಕರಣದಿಂದ ಮತ್ತೆ ಅಳೆದರು. ಭಾರತೀಯ ಸರ್ವೇಕ್ಷಣ ಇಲಾಖೆಯ ನಕ್ಷೆಗಳು ಬಹಳ ಕಾಲ ಎವರೆಸ್ಟ್ ಗೋಳಾಭದ ಮೇಲೇ ನಿಂತಿದ್ದವು. 2005ರ ರಾಷ್ಟ್ರೀಯ ನಕ್ಷೆ ನೀತಿಯ ನಂತರವೇ ಸಾರ್ವಜನಿಕ ನಕ್ಷೆಗಳು ಜಿಪಿಎಸ್‌ನ ಮಾದರಿಗೆ ಬಂದದ್ದು.

ಇದು ತಿಳಿದ ಮೇಲೆ ‘ದಾಮರಗಿಡ್ಡ’ದ ಗಿಡ್ಡಕ್ಕೂ ನನ್ನ ಗಿಡ್ಡಗುಂಡಿಗೂ ನಂಟು ಕಟ್ಟಿ ನಗಬೇಡಿ. ಊರ ಹೆಸರು ತಾನಾಗಿ ಕೂಡಿಬಂದದ್ದು.

ಕೆಲವರು ಆಬ್ಲೇಟ್ ಬದಲು ‘ಜಿಯಾಯ್ಡ್’ ಅಂದುಬಿಡುತ್ತಾರೆ. ಎರಡೂ ಬೇರೆ. ಗಿಡ್ಡಗುಂಡು ಒಂದು ನುಣುಪಾದ ಲೆಕ್ಕದ ಆಕಾರ. ಜಿಯಾಯ್ಡ್ ಅಂದರೆ ಗಾಳಿ, ಅಲೆ, ಉಬ್ಬರ ಏನೂ ಇಲ್ಲದಿದ್ದರೆ ಸಮುದ್ರದ ನೀರು ಯಾವ ಮಟ್ಟಕ್ಕೆ ನಿಲ್ಲುತ್ತಿತ್ತೋ ಆ ಮೈ. ಅದು ಗಿಡ್ಡಗುಂಡಿನಿಂದ ಅಲ್ಲಲ್ಲಿ ನೂರು ಮೀಟರ್‌ನಷ್ಟು ಮೇಲೆ ಕೆಳಗೆ ಆಗುತ್ತದೆ. ಅತಿ ತಗ್ಗು ಇರುವುದು ಭಾರತದ ದಕ್ಷಿಣಕ್ಕೆ, ಹಿಂದೂ ಮಹಾಸಾಗರದಲ್ಲಿ, ಸುಮಾರು 106 ಮೀಟರ್. 21 ಕಿ.ಮೀ. ಎಲ್ಲಿ, 106 ಮೀಟರ್ ಎಲ್ಲಿ. ಜಿಯಾಯ್ಡ್‌ಗೆ ಕನ್ನಡ ಹುಡುಕುವ ಗೋಜಿಗೆ ನಾನು ಹೋಗಿಲ್ಲ, ಹಾಗೇ ಇರಲಿ.

ಗುಮ್ಮಟಕ್ಕೂ ಈ ಪದ ಹೊಂದುತ್ತದಾ ಅಂತ ಗೆಳೆಯರು ಕೇಳಿದರು. ಬೀದರಿನವನಿಗೆ ಗುಮ್ಮಟದ ಪ್ರಶ್ನೆ ಬರದೆ ಇರುತ್ತದಾ? ಬಹಮನಿ ಸುಲ್ತಾನರ ಗೋರಿಗಳಿರುವ ಪಕ್ಕದ ಅಷ್ಟೂರಿಗೆ ಹೋಗಿ ನೋಡಿದರೆ ಉತ್ತರ ಸಿಗುತ್ತದೆ. ಅಹ್ಮದ್ ಶಾಹ ವಲಿಯ ಗೋರಿಯ ಗುಮ್ಮಟ ಗೋಳದ ಮುಕ್ಕಾಲು ಪಾಲಿನಂತಿದೆ, ಬುಡದಲ್ಲಿ ಒಳಕ್ಕೆ ಸರಿದು ನಡುವಿನಲ್ಲಿ ಹೊರಕ್ಕೆ ಬಂದಿದೆ. ಇಂಥದ್ದಕ್ಕೆ ಇಂಗ್ಲಿಷಿನವರು ‘ಬಲ್ಬಸ್’ ಅಂತಾರೆ. ಅಲ್ಲಿ ಮುಖ್ಯ ಎತ್ತರ ಅಲ್ಲ, ಬುಡದ ಕತ್ತು. ಪಕ್ಕದಲ್ಲೇ ಹುಮಾಯೂನ್ ಶಾಹನ ಗೋರಿ ಇದೆ. ಸಿಡಿಲು ಬಡಿದು ಗುಮ್ಮಟದ ಅರ್ಧ ಕುಸಿದಿದೆ, ಗೋಡೆ ಎಷ್ಟು ದಪ್ಪ, ಗೆರೆ ಹೇಗೆ ಬಾಗಿ ಮೇಲೆ ಹೋಗುತ್ತದೆ ಅನ್ನುವುದು ಸೀಳಿ ಇಟ್ಟ ಹಾಗೆ ಕಾಣುತ್ತದೆ. ಆಕಾರ ಕಲಿಸುವವರು ಮಕ್ಕಳನ್ನು ಅಲ್ಲಿಗೆ ಕರೆದುಕೊಂಡು ಹೋಗಬೇಕು. ಆದರೆ ಗುಮ್ಮಟ ಗಿಡ್ಡಗುಂಡು ಅಲ್ಲ. ಅದಕ್ಕೆ ‘ಡೊಳ್ಳುಗುಂಡು’ ಅನ್ನುವ ಆಲೋಚನೆ ಇದೆ, ಗಟ್ಟಿ ಮಾಡಿಲ್ಲ.

ಎರಡು ಕಡೆ ನನಗೆ ಇನ್ನೂ ಸಮಾಧಾನ ಇಲ್ಲ. ಒಂದು, ‘ಸ್ಫೀರಾಯ್ಡ್’ ಅನ್ನುವ ನಾಮಪದ. ಸದ್ಯಕ್ಕೆ ‘ಗೋಳಾಭ’ ಇಟ್ಟುಕೊಂಡಿದ್ದೇನೆ. ‘ಗಿಡ್ಡ ಗೋಳಾಭ’ ಅಂದರೆ ಅರ್ಧ ಕಂಬಳಿ ಅರ್ಧ ರೇಷ್ಮೆ ಆಗುತ್ತದೆ. ‘ಗಿಡ್ಡಗುಂಡು’ವನ್ನೇ ನಾಮಪದವಾಗಿಯೂ ಬಳಸಿದರೆ ಆದೀತೇನೋ, ಗುಂಡು ಅನ್ನುವುದೇ ಎರಡೂ ಕೆಲಸ ಮಾಡುತ್ತದಲ್ಲ. ಇನ್ನೊಂದು, ಮೂರೂ ಕಡೆ ಮೂರು ಅಳತೆ ಇರುವ ಆಕಾರ. ಮಾವಿನ ಕಾಯಿ ಹಾಗಿರುತ್ತದೆ: ಉದ್ದ ಒಂದು, ಅಗಲ ಒಂದು, ದಪ್ಪ ಒಂದು. ಅದನ್ನು ಗಿಡ್ಡ ಅನ್ನಲೂ ಬಾರದು, ಉದ್ದ ಅನ್ನಲೂ ಬಾರದು.

ಕರಪತ್ರಕ್ಕೆ ‘ಗಿಡ್ಡಗುಂಡು’ ಹಾಕಿ ಗೆಳೆಯರಿಗೆ ಕಳಿಸಿದ್ದೇನೆ, ಪಕ್ಕದಲ್ಲಿ ಒಂದು ರೇಖಾಚಿತ್ರ ಇರಲಿ ಅಂತ ಹೇಳಿದ್ದೇನೆ. ಅಚ್ಚಿಗೆ ಹೋಗಲು ಇನ್ನೂ ಸಮಯ ಇದೆ. ಯಾದಗಿರಿ, ಸುರಪುರ, ಶಹಾಪುರ ಕಡೆಯವರು ಯಾರಾದರೂ ಇದ್ದರೆ ಒಂದು ಕೆಲಸ ಮಾಡಿ. ಅಲ್ಲಿನ ಕುಂಬಾರರು ಎತ್ತರ ಕಡಿಮೆ, ಹೊಟ್ಟೆ ಅಗಲ ಇರುವ ಗಡಿಗೆಗೆ ಏನಾದರೂ ಬೇರೆ ಗುಣವಾಚಕ ಬಳಸುತ್ತಾರಾ ಕೇಳಿ ಬರೆಯಿರಿ. ಗಡಿಗೆಯ ಹೆಸರು ಬೇಡ, ಹರವಿ, ಮಗಿ ಎಲ್ಲ ಗೊತ್ತು. ಆಕಾರ ಹೇಳುವಾಗ ಬಾಯಿಗೆ ಬರುವ ಪದ ಬೇಕು. ಉಳ್ಳಾಗಡ್ಡಿ ಬೆಳೆಯುವವರು ಬೀಜ ಕೊಳ್ಳುವಾಗ ‘ಗುಂಡನ್ನವು’ ಬಿಟ್ಟು ಇನ್ನೇನಾದರೂ ಹೇಳಿ ಕೇಳುತ್ತಾರಾ ಅನ್ನುವುದೂ ತಿಳಿದರೆ ಒಳ್ಳೆಯದು. ಅಂಥ ಪದ ಒಂದು ಸಿಕ್ಕರೆ ಗಿಡ್ಡಗುಂಡನ್ನು ತೆಗೆದು ಅದನ್ನೇ ಹಾಕೋಣ.